‘ತಾತ ಐ.ಪಿ. ಹಾಕಿದ್ದರಂತೆ’: ದಿವಾಳಿ ಕಡತದಲ್ಲಿ ಮನೆತನವನ್ನು ಹುಡುಕುವುದು

ಬಳ್ಳಾರಿಯ ಸಿವಿಲ್ ನ್ಯಾಯಾಲಯಗಳಲ್ಲಿ ಆಸ್ತಿ ವ್ಯಾಜ್ಯಗಳನ್ನು ನಡೆಸುವ ನನ್ನ ಬಳಿಗೆ ಈಚೆಗೆ ಯಾವ ವ್ಯಾಜ್ಯವೂ ಇಲ್ಲದ ಕೆಲವರು ಬರುತ್ತಿದ್ದಾರೆ. ಮನೆತನದ ವಂಶವೃಕ್ಷ ಬರೆದಿಡಲು ಹೊರಟ ಇವರು ಮುತ್ತಾತನ ಕಾಲಕ್ಕೆ ಬರುವ ಹೊತ್ತಿಗೆ ಒಂದು ಮಾತಿನ ಮುಂದೆ ನಿಂತುಬಿಟ್ಟಿರುತ್ತಾರೆ: ‘ಅವರು ಐ.ಪಿ. ಹಾಕಿದ್ದರಂತೆ.’ ಹಿರಿಯರು ಅದನ್ನು ದನಿ ತಗ್ಗಿಸಿ ಹೇಳಿ ಬೇರೆ ಮಾತಿಗೆ ಹೋಗುತ್ತಾರೆ. ಐ.ಪಿ. ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅರ್ಜಿ. ಆ ಕಡತ ಸಿಕ್ಕರೆ, ಮನೆತನವೊಂದರ ಬಗ್ಗೆ ಅದು ತಿಳಿಸುವಷ್ಟನ್ನು ಮತ್ತಾವ ಸರ್ಕಾರಿ ಕಾಗದವೂ ತಿಳಿಸಲಾರದು ಎಂಬುದು ನನ್ನ ಅನುಭವ.

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ನಮ್ಮ ಕಡೆ ‘ಪಾಪರ್ ಆದ’ ಎಂಬ ಮಾತನ್ನು ದಿವಾಳಿಗೂ ಬಳಸುತ್ತಾರೆ. ಆದರೆ ನ್ಯಾಯಾಲಯದ ದಾಖಲೆಯಲ್ಲಿ ಪಾಪರ್ ದಾವೆ ಎಂದರೆ ಕೋರ್ಟ್ ಫೀ ಕಟ್ಟಲು ಶಕ್ತಿಯಿಲ್ಲದವರು ಅನುಮತಿ ಪಡೆದು ಹೂಡುವ ದಾವೆ. ಅದಕ್ಕೂ ದಿವಾಳಿಗೂ ಸಂಬಂಧವಿಲ್ಲ.

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಜಿಲ್ಲೆಯಾದ್ದರಿಂದ ಇಲ್ಲಿನ ದಿವಾಳಿ ಅರ್ಜಿಗಳು 1907ರ ಪ್ರಾಂತೀಯ ದಿವಾಳಿ ಕಾಯ್ದೆಯ ಅಡಿಯಲ್ಲಿ, ಅನಂತರ ಅದರ ಜಾಗಕ್ಕೆ ಬಂದ 1920ರ ಕಾಯ್ದೆಯ ಅಡಿಯಲ್ಲಿ ನಡೆದವು. ಸಾಲ 500 ರೂಪಾಯಿ ಮುಟ್ಟಿದ್ದರೆ, ಅಥವಾ ಡಿಕ್ರಿಯ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ, ಜಾರಿಯಲ್ಲಿ ಬಂಧನವೋ ಜಪ್ತಿಯೋ ಆಗಿದ್ದರೆ, ಸಾಲ ಮಾಡಿದವನೇ ಅರ್ಜಿ ಹಾಕಬಹುದಿತ್ತು. ಅದೇ ಕಾಲದಲ್ಲಿ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, 50 ರೂಪಾಯಿಗೆ ಮೇಲ್ಪಟ್ಟ ಡಿಕ್ರಿ ತೀರಿಸದವನನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿಡಲು ಅವಕಾಶವಿತ್ತು. ಈ ಎರಡನ್ನೂ ಜೊತೆಗಿಟ್ಟು ಓದಿದಾಗ, ಬಹಳಷ್ಟು ಜನ ಐ.ಪಿ. ಹಾಕಿದ್ದು ಜೈಲಿನಿಂದ ರಕ್ಷಣೆಯ ಆದೇಶ ಪಡೆಯಲಿಕ್ಕೆ ಎಂಬುದು ಅರ್ಥವಾಗುತ್ತದೆ. ಹಾಗಾಗಿ ಅರ್ಜಿಯ ಮೊದಲ ಪುಟದಲ್ಲಿ ಅರ್ಜಿದಾರ ಯಾರೆಂದು ನೋಡಬೇಕು. ನಿಮ್ಮ ತಾತನೇ ಅರ್ಜಿದಾರನಾಗಿದ್ದರೆ ಅದು ರಕ್ಷಣೆ ಬೇಡಿದ ಕಾಗದ. ಸಾಹುಕಾರ ಅರ್ಜಿದಾರನಾಗಿದ್ದು ತಾತ ಎದುರುದಾರನಾಗಿದ್ದರೆ ಅದು ಆರೋಪದ ಕಾಗದ.

ಆರೋಪದ ಕಾಗದದಲ್ಲಿ ಹುಡುಕಬೇಕಾದದ್ದು ‘ದಿವಾಳಿಯ ಕೃತ್ಯ’ ಎಂಬ ಮಾತನ್ನು. ಸಾಲ ಕೊಟ್ಟವರನ್ನು ತಪ್ಪಿಸಿಕೊಳ್ಳಲು ಮನೆಯನ್ನೋ ವ್ಯಾಪಾರದ ಸ್ಥಳವನ್ನೋ ಬಿಟ್ಟುಹೋಗುವುದು, ಬ್ರಿಟಿಷ್ ಇಂಡಿಯಾದ ಹೊರಗೆ ಉಳಿಯುವುದು ಅಂಥ ಕೃತ್ಯಗಳಾಗಿದ್ದವು, ಮತ್ತು ಅವು ನಡೆದ ಮೂರು ತಿಂಗಳೊಳಗೆ ಸಾಹುಕಾರ ಅರ್ಜಿ ಹಾಕಬೇಕಿತ್ತು. ನಮ್ಮಲ್ಲಿ ಬ್ರಿಟಿಷ್ ಇಂಡಿಯಾದ ಹೊರಗೆ ಎಂದರೆ ತುಂಗಭದ್ರೆಯ ಆಚೆ ದಡ. ಕಂಪ್ಲಿಯಿಂದ ಹೊಳೆ ದಾಟಿ ಗಂಗಾವತಿಯ ಸೀಮೆಗೆ ಕಾಲಿಟ್ಟರೆ ನಿಜಾಮರ ರಾಜ್ಯ. ‘ನಮ್ಮ ಹಿರಿಯರು ವ್ಯಾಪಾರಕ್ಕೆಂದು ಹೊಳೆ ದಾಟಿ ಬಂದವರು’ ಎಂದು ಹೇಳಿಕೊಳ್ಳುವ ಮನೆತನಗಳು ಆ ವಲಸೆಯ ವರ್ಷವನ್ನು ಈಚೆ ದಡದ ಐ.ಪಿ. ರಿಜಿಸ್ಟರಿನೊಂದಿಗೆ ಒಮ್ಮೆಯಾದರೂ ಹೋಲಿಸಿ ನೋಡಬೇಕೆಂದು ನಾನು ಸಲಹೆ ಕೊಡುತ್ತೇನೆ.

ಕಡತದ ಜೀವಾಳವಿರುವುದು ಅರ್ಜಿಯೊಂದಿಗೆ ಲಗತ್ತಿಸಿದ ಷೆಡ್ಯೂಲುಗಳಲ್ಲಿ. ಸಾಲದ ಷೆಡ್ಯೂಲಿನಲ್ಲಿ ಪ್ರತಿಯೊಬ್ಬ ಸಾಲ ಕೊಟ್ಟವನ ಹೆಸರು, ಊರು, ಮೊತ್ತ, ಅದು ಪ್ರೋನೋಟೋ ಅಡಮಾನವೋ ಕೈಗಡವೋ ಎಂಬ ವಿವರ ಇರುತ್ತದೆ. ಹತ್ತಿ ವ್ಯಾಪಾರ ಮಾಡುತ್ತಿದ್ದವರೊಬ್ಬರ ಇಂಥ ಪಟ್ಟಿಯನ್ನು ಅವರ ಮರಿಮಗಳೊಂದಿಗೆ ಕೂತು ಓದಿದ್ದು ನನಗೆ ನೆನಪಿದೆ. ಮಡಿಕೆಯ ಗೆರೆಯಲ್ಲಿ ಹರಿದಿದ್ದ ಆ ಹಾಳೆಯ ಮೊದಲ ಸಾಲುಗಳಲ್ಲಿ ಆದೋನಿಯ ದಲಾಲಿ ಅಂಗಡಿಗಳಿದ್ದವು. ಕೆಳಗೆ, ಕೈಗಡದ ಸಾಲಿನಲ್ಲಿ, ಚಿಕ್ಕ ಮೊತ್ತದೆದುರು ಹೆಂಡತಿಯ ಅಣ್ಣನ ಹೆಸರು, ಅವನ ತಂದೆಯ ಹೆಸರು, ಊರು ಇದ್ದವು. ಮುತ್ತಜ್ಜಿಯ ತವರು ಯಾವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಬಿನ್’ ಎಂಬುದರ ಮುಂದೆ ತಂದೆಯ ಹೆಸರು, ‘ಕೋಂ’ ಎಂಬುದರ ಮುಂದೆ ಗಂಡನ ಹೆಸರು ಬರುವ ಕ್ರಮವನ್ನು ತಿಳಿದಿದ್ದರೆ ಇಂಥ ಒಂದೇ ಸಾಲಿನಲ್ಲಿ ಎರಡು ತಲೆಮಾರು ದೊರೆಯುತ್ತದೆ. ಆಸ್ತಿಯ ಷೆಡ್ಯೂಲಿನ ಚಕ್ಕುಬಂದಿಯನ್ನೂ ಬಿಡಬಾರದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹೊಲ ಎಂದು ಬರೆದಿರುವಲ್ಲಿ ಎಷ್ಟೋ ಸಲ ದಾಯಾದಿಗಳ ಹೆಸರುಗಳೇ ಇರುತ್ತವೆ.

ಆದರೆ ಷೆಡ್ಯೂಲು ಸಾಲಗಾರನು ತಾನೇ ಬರೆಸಿದ ಹೇಳಿಕೆ ಎಂಬುದನ್ನು ಮರೆಯಬಾರದು. ಆಸ್ತಿಯ ಬೆಲೆಯನ್ನು ಕಡಿಮೆ ತೋರಿಸುವುದು, ನೆಂಟರನ್ನು ಸಾಲ ಕೊಟ್ಟವರೆಂದು ಸೇರಿಸುವುದು ಅಪರೂಪವಲ್ಲ. ಆ ಅಣ್ಣ ನಿಜವಾಗಿ ಹಣ ಕೊಟ್ಟಿದ್ದನೇ ಎಂಬುದಕ್ಕೆ ರಿಸೀವರರ (ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರ) ವರದಿಯನ್ನೂ ಸಾಕ್ಷಿಗಳ ಹೇಳಿಕೆಯನ್ನೂ ನೋಡಬೇಕು. ಅವನು ಅಣ್ಣನೆಂಬುದಕ್ಕೆ ಮಾತ್ರ ಪಟ್ಟಿಯನ್ನು ನಂಬಬಹುದು. ಅದೇ ರೀತಿ, ರಿಸೀವರರ ಹರಾಜು ಪಟ್ಟಿಯಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಮಾಂಗಲ್ಯ ಕಾಣದಿದ್ದರೆ ಮನೆಯಲ್ಲಿ ಅವು ಇರಲಿಲ್ಲವೆಂದು ತಿಳಿಯಬಾರದು. ಅವನ್ನು ಜಪ್ತಿ ಮಾಡಲು ಕಾನೂನೇ ಬಿಡುತ್ತಿರಲಿಲ್ಲ.

ಹೆಚ್ಚಿನ ಹುಡುಕಾಟಗಳು ತಪ್ಪುವುದು ಕೊನೆಯ ಆದೇಶದ ಬಳಿ. ದಿವಾಳಿಯೆಂದು ಘೋಷಿಸಿದ ಆದೇಶ ಮದ್ರಾಸ್ ಸರ್ಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತು, ಅದು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ನೋಡಲು ಸಿಗುತ್ತದೆ. ಅದನ್ನು ಕಂಡ ಕೂಡಲೇ ಕಥೆ ಮುಗಿಯಿತೆಂದು ಜನ ತಿಳಿಯುತ್ತಾರೆ. ಆದರೆ 1920ರ ಕಾಯ್ದೆಯಂತೆ ಆದ ಘೋಷಣೆಯಲ್ಲೇ ಒಂದು ಅವಧಿ ನಮೂದಾಗಿರುತ್ತದೆ, ಅದರೊಳಗೆ ಸಾಲದ ಹೊಣೆಯಿಂದ ಬಿಡುಗಡೆಗೆ ಅರ್ಜಿ ಹಾಕಬೇಕಿತ್ತು. ಮೇಲೆ ಹೇಳಿದ ಕುಟುಂಬಕ್ಕೆ ‘ಘೋಷಣೆ ರದ್ದಾಗಿದೆ’ ಎಂಬ ಆದೇಶ ಸಿಕ್ಕಿದಾಗ, ಮುತ್ತಾತ ಎಲ್ಲ ಸಾಲ ತೀರಿಸಿದ್ದರೆಂದು ಅವರು ಸಂತೋಷಪಟ್ಟರು. ಸಾಲ ಪೂರ್ತಿ ತೀರಿದರೆ ಘೋಷಣೆ ರದ್ದಾಗುವುದು ಆ ಕಾಯ್ದೆಯ 35ನೆಯ ಕಲಮಿನಂತೆ. ಅವರ ಆದೇಶದಲ್ಲಿ ಇದ್ದದ್ದು 43ನೆಯ ಕಲಮು, ಅಂದರೆ ಅವಧಿಯೊಳಗೆ ಬಿಡುಗಡೆಯನ್ನು ಕೋರದೆ ಇದ್ದದ್ದಕ್ಕೆ ಆದ ರದ್ದು. ಅಲ್ಲಿಗೆ ರಕ್ಷಣೆ ಹೋಗಿ, ಸಾಲಗಳು ಹಾಗೇ ಉಳಿದವು. ಅದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ, ಆದರೂ ಕಲಮಿನ ಸಂಖ್ಯೆಯನ್ನು ಓದದೆ ವಂಶದ ಕಥೆಯನ್ನು ಬರೆಯಲಾಗದು.

ಅವಧಿ ಮೀರಿದ ಕಡತಗಳನ್ನು ನಾಶಪಡಿಸಲು 1917ರ ಕಾಯ್ದೆಯೊಂದು ಅವಕಾಶ ಕೊಡುವುದರಿಂದ ಮೂಲ ಕಾಗದ ಸಿಗದೆಯೂ ಇರಬಹುದು. ಆಗ ಉಪನೋಂದಣಿ ಕಚೇರಿಯ ಒಂದನೆಯ ಇಂಡೆಕ್ಸ್ ನೆರವಾಗುತ್ತದೆ: ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರುಗಳಿರುವ ಆ ಪುಸ್ತಕದಲ್ಲಿ ರಿಸೀವರರು ಬರೆದುಕೊಟ್ಟ ಕ್ರಯಪತ್ರವನ್ನು ಹುಡುಕಬೇಕು. ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರಲ್ಲಿ ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದ್ದರಿಂದ ಆ ಊರುಗಳವರು ಅಲ್ಲಿಯೂ ವಿಚಾರಿಸಬೇಕಾಗುತ್ತದೆ.

ರಾಯಚೂರು ಮತ್ತು ಕೊಪ್ಪಳದವರ ದಾರಿ ಬೇರೆ. ಬ್ರಿಟಿಷ್ ಇಂಡಿಯಾದ ದಿವಾಳಿ ಕಾಯ್ದೆ ನಿಜಾಮರ ರಾಜ್ಯಕ್ಕೆ ಅನ್ವಯಿಸುತ್ತಿರಲಿಲ್ಲ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಅಲ್ಲಿನ ಕಾಗದಗಳು ಉರ್ದುವಿನಲ್ಲಿದ್ದು, ಇಸವಿ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಲೆಕ್ಕದಲ್ಲಿ, ಇರುತ್ತದೆ. ಫಸಲಿಗೆ 590 ಕೂಡಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ಸಿಗುತ್ತದೆ, ಆದರೆ ಮದ್ರಾಸಿನ ಫಸಲಿ ಜುಲೈ 1ಕ್ಕೂ ಹೈದರಾಬಾದಿನದು ಅಕ್ಟೋಬರ್ ಮೊದಲ ವಾರದಲ್ಲೂ ಆರಂಭವಾಗುತ್ತಿತ್ತು. 1930ರ ಆಗಸ್ಟ್‌ನಲ್ಲಿ ಹೊಳೆ ದಾಟಿದವನ ಹೆಸರನ್ನು ಹುಡುಕುವವರು ಈಚೆ ದಡದ ಲೆಕ್ಕದಲ್ಲಿ 1340ನ್ನೂ ಆಚೆ ದಡದ ಲೆಕ್ಕದಲ್ಲಿ 1339ನ್ನೂ ತೆರೆಯಬೇಕು.