ಒಣಗಿತಾ?

ವಿದ್ಯಾರ್ಥಿಗಳ ತಂಡವೊಂದು ಪುಟ್ಟ ಮನೆ ಕಟ್ಟುತ್ತಿದೆ ಎಂದುಕೊಳ್ಳಿ. ಗೋಡೆ ಎದ್ದಿದೆ. ಚಾವಣಿ ಕೂತಿದೆ. ಕಿಟಕಿ, ಬಾಗಿಲುಗಳ ಚೌಕಟ್ಟು ನಿಂತಿವೆ. ನೋಡಲು ಬಂದವರು "ಮನೆ ಮುಗಿದೇ ಹೋಯ್ತಲ್ಲ!" ಅನ್ನುತ್ತಾರೆ. ತಂಡಕ್ಕೂ ಹಾಗೇ ಅನಿಸುತ್ತದೆ. ಇನ್ನು ಗಿಲಾವು, ಬಣ್ಣ, ನೆಲ, ನಾಲ್ಕು ಕೊಳಾಯಿ ಅಷ್ಟೇ, ಅಲ್ವಾ? ಆದರೆ ಅಲ್ಲಿಂದ ಮುಂದೆ ಆ ಜಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮಾತು ಒಂದೇ: "ಒಣಗಿತಾ?"

ಗಿಲಾವು ಒಣಗಿತಾ, ಪುಟ್ಟಿ ಒಣಗಿತಾ, ಬಣ್ಣ ಒಣಗಿತಾ, ಮರ ಒಣಗಿತಾ. ಎಲ್ಲಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಒಳಗೆ ನಡೆಯುವುದು ಮಾತ್ರ ಬೇರೆ ಬೇರೆ. ಒಂದರಿಂದ ನೀರು ಹೊರಗೆ ಹೋಗಬೇಕು. ಇನ್ನೊಂದರಲ್ಲಿ ನೀರು ಉಳಿಯಬೇಕು. ಮತ್ತೊಂದಕ್ಕೆ ಗಾಳಿ ಬೇಕು.

ಸಿಮೆಂಟಿನಿಂದಲೇ ಶುರು ಮಾಡೋಣ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ನಿಜವಾಗಿ ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಪುಡಿಯಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನ ಜೊತೆ ಸೇರಿ ಹೊಸದೊಂದು ವಸ್ತುವಾಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳೂ ಹಾಳೆಗಳೂ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಮರಳಿನ ಕಣಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಈ ಬೆಳವಣಿಗೆಗೆ ನೀರೇ ಕಚ್ಚಾ ವಸ್ತು. ಅದಕ್ಕೇ ನದಿಯೊಳಗೆ ಮುಳುಗಿರುವ ಸೇತುವೆಯ ಕಂಬ ಒಂದು ದಿನವೂ ಒಣಗದೆ ಗಟ್ಟಿಯಾಗುತ್ತದೆ.

ಹೊಸ ಗಿಲಾವಿಗೆ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸುವುದು ಇದಕ್ಕಾಗಿಯೇ. ಈ ಕ್ಯೂರಿಂಗ್ ಕನಿಷ್ಠ 7 ದಿನ ನಡೆಯಬೇಕು. ಬಿಸಿಲು, ಗಾಳಿ ಜಾಸ್ತಿ ಇದ್ದ ದಿನ ಗಿಲಾವು ಬೇಗ ಬಿಳಿಚಿಕೊಳ್ಳುತ್ತದೆ. ಅದನ್ನು ನೋಡಿ ತಂಡ ಖುಷಿಪಡುತ್ತದೆ. ಆದರೆ ಅದು ಊಟದ ಮಧ್ಯದಲ್ಲೇ ಎಲೆ ಎತ್ತಿದಂತೆ. ನೀರು ಹಾರಿಹೋದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಬೆರಳಿನಿಂದ ಉಜ್ಜಿದರೆ ಮರಳು ಉದುರುವ ಗೋಡೆ ಸಿಗುತ್ತದೆ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುವ ರೂಢಿಯೂ ಇಲ್ಲಿಂದಲೇ ಬಂದದ್ದು. ಸಾಮಾನ್ಯ ಸಿಮೆಂಟಿನಲ್ಲಿ ಮೊದಲ 7 ದಿನಕ್ಕೆ ಆ ಬಲದ ಸುಮಾರು ಮೂರನೇ ಎರಡು ಭಾಗ ಬಂದಿರುತ್ತದೆ. ಉಳಿದದ್ದು ನಿಧಾನವಾಗಿ ಬರುತ್ತದೆ.

ಹಾಗಾದರೆ ನೀರು ಸುರಿದಷ್ಟೂ ಒಳ್ಳೆಯದೇ? ಅಲ್ಲ. 50 ಕೆ.ಜಿ. ಸಿಮೆಂಟಿಗೆ 25 ಲೀಟರ್ ನೀರು ಹಾಕಿ ಕಲಸಿದೆವು ಎನ್ನಿ. ಅದರಲ್ಲಿ ಸಿಮೆಂಟು ತನ್ನ ಮೈಗೆ ಕಟ್ಟಿಕೊಳ್ಳುವುದು ಸುಮಾರು 12 ಲೀಟರ್ ಮಾತ್ರ. ಉಳಿದದ್ದು ಗೋಡೆಯ ಸಣ್ಣ ರಂಧ್ರಗಳಲ್ಲಿ ಕೂತಿರುತ್ತದೆ. 40 ಮೂಟೆ ಸಿಮೆಂಟು ಬಳಸಿದ ಪುಟ್ಟ ಮನೆಯಲ್ಲಿ ಹೀಗೆ 500 ಲೀಟರ್‌ಗೂ ಹೆಚ್ಚು ನೀರು ಸೇರಿರುತ್ತದೆ. ಅದರಲ್ಲಿ ಒಂದಷ್ಟು ಅಲ್ಲೇ ಉಳಿಯುತ್ತದೆ, ಉಳಿದದ್ದು ಹೊರಗೆ ಬರಲು ದಾರಿ ಹುಡುಕುತ್ತದೆ. ಅಂದರೆ ಗಿಲಾವು ಮೊದಲು ನೀರು ಕುಡಿಯಬೇಕು, ಆಮೇಲೆ ಮಿಕ್ಕ ನೀರನ್ನು ಬಿಟ್ಟುಕೊಡಬೇಕು. ಈ ಎರಡನೆಯ ಕಾಯುವಿಕೆಯಲ್ಲೇ ಹೆಚ್ಚಿನ ತಂಡಗಳು ಎಡವುತ್ತವೆ.

ಏಕೆಂದರೆ ಆ ನೀರು ಸುಮ್ನೆ ನೀರಲ್ಲ. ಸಿಮೆಂಟು ಗಟ್ಟಿಯಾಗುವಾಗ ಸುಣ್ಣವೂ ಹುಟ್ಟುತ್ತದೆ. ಹೊಸ ಗಿಲಾವಿನ ಪಿಎಚ್ 12ಕ್ಕಿಂತ ಮೇಲಿರುತ್ತದೆ, ಅಂದರೆ ಅದು ಕಡು ಕ್ಷಾರ. ಅಂಥ ಗೋಡೆಗೆ ಅವಸರದಲ್ಲಿ ಎಣ್ಣೆ ಬಣ್ಣ ಹಚ್ಚಿದರೆ ಎಣ್ಣೆಗೂ ಕ್ಷಾರಕ್ಕೂ ಸಂಬಂಧ ಬೆಳೆಯುತ್ತದೆ. ಎಣ್ಣೆ ಮತ್ತು ಕ್ಷಾರ ಸೇರಿದರೆ ಆಗುವುದು ಸಾಬೂನು. ಹೌದು, ಗೋಡೆಯ ಮೇಲೆ ನಿಜವಾಗಿಯೂ ಸಾಬೂನೇ ತಯಾರಾಗುತ್ತದೆ! ಬಣ್ಣ ಮೆತ್ತಗಾಗಿ, ಅಂಟಂಟಾಗಿ ಕಿತ್ತು ಬರುತ್ತದೆ. ನೀರಿನ ಜೊತೆ ಹೊರಬಂದ ಲವಣಗಳು ಮೇಲ್ಮೈಯಲ್ಲಿ ಬಿಳಿ ಹಿಟ್ಟಿನಂತೆ ಕೂರುವುದೂ ಉಂಟು.

ಸುಣ್ಣದ ಗಾರೆಯ ಸ್ವಭಾವ ಇನ್ನೂ ಬೇರೆ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಈ ಬದಲಾವಣೆ ಮೇಲಿನಿಂದ ಒಳಕ್ಕೆ ತುಂಬ ಮೆಲ್ಲಗೆ ಸಾಗುತ್ತದೆ. ಅದಕ್ಕೆ ಹದವಾದ ತೇವವೂ ಬೇಕು, ಗಾಳಿಯೂ ಬೇಕು.

ಈಗ ಬಣ್ಣಕ್ಕೆ ಬರೋಣ. ಗೋಡೆಗೆ ಹಚ್ಚುವ ಎಮಲ್ಷನ್ ಬಣ್ಣದಲ್ಲಿ ಪಾಲಿಮರಿನ, ಅಂದರೆ ಪ್ಲಾಸ್ಟಿಕ್‌ನಂಥ ವಸ್ತುವಿನ, ಸಣ್ಣ ಸಣ್ಣ ಉಂಡೆಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಉಂಡೆಗಳು ಹತ್ತಿರ ಬಂದು, ಒತ್ತಿಕೊಂಡು, ಒಂದಾಗಿ ಪದರವಾಗುತ್ತವೆ. ಇಲ್ಲಿ "ಒಣಗಿತಾ" ಅನ್ನುವ ಮಾತು ಸರಿಯಾಗಿಯೇ ಇದೆ. ಆದರೆ ಚಳಿ ಜಾಸ್ತಿ ಇದ್ದರೆ ಉಂಡೆಗಳು ಗಡುಸಾಗಿಯೇ ಉಳಿದು, ಒಂದಾಗದೆ, ಬಣ್ಣ ಪುಡಿಪುಡಿಯಾಗುತ್ತದೆ.

ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ಕಥೆ ತದ್ವಿರುದ್ಧ. ಅದರಿಂದ ಹಾರಿಹೋಗಲು ಏನೂ ಇಲ್ಲ. ಅದು ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲಿನ ತೆಳು ಪದರದಿಂದ ಆ ಶಾಖ ಸುಲಭವಾಗಿ ಹರಡಿಹೋಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಾಗಿಲ್ಲ, ಕಿಡಿ ತಗಲಬೇಕಾಗಿಲ್ಲ. ಮೊದಲ ಸಲ ಮನೆ ಕಟ್ಟುವ ಹುಡುಗ ಹುಡುಗಿಯರಿಗೆ ಬೇರೇನು ಹೇಳದಿದ್ದರೂ ಇದನ್ನು ಹೇಳಲೇಬೇಕು. ಆ ಬಟ್ಟೆಗಳನ್ನು ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿಡಿ.

ಇನ್ನು ಮರ. ಅದು ಪೂರ್ತಿ ಒಣಗಿ ಮುಗಿಯುವುದೇ ಇಲ್ಲ. ಗಾಳಿಯಲ್ಲಿ ತೇವ ಏರಿದಾಗ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕಲ್ಲ, ಅಡ್ಡಕ್ಕೆ. ಮರದ ನೆಲ ಹಾಸುವಾಗ ಗೋಡೆಯ ಅಂಚಿನಲ್ಲಿ ಸುಮಾರು 10 ಮಿಲಿಮೀಟರ್ ಜಾಗ ಬಿಟ್ಟು, ಮೇಲೆ ಪಟ್ಟಿ ಮುಚ್ಚುವುದು ಇದಕ್ಕೇ.

ವಿದ್ಯಾರ್ಥಿಗಳೇ ಮನೆ ಕಟ್ಟುವುದು ಹೊಸದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಿಂದ ವಾಸ್ತುಶಿಲ್ಪದ ಮೊದಲ ವರ್ಷದವರು ಕೈಯಾರೆ ಕಟ್ಟಡ ಕಟ್ಟುತ್ತಾ ಬಂದಿದ್ದಾರೆ. 2002ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸೋಲಾರ್ ಡೆಕಾಥ್ಲಾನ್ ಎಂಬ ಸ್ಪರ್ಧೆ ಶುರುವಾಯಿತು. ಮೊದಲ ಸಲ 14 ತಂಡಗಳು ಬಿಸಿಲಿನಿಂದಲೇ ನಡೆಯುವ ಪುಟ್ಟ ಮನೆಗಳನ್ನು ತಂದು ನಿಲ್ಲಿಸಿದವು. ಕೊಲೊರಾಡೊ ವಿಶ್ವವಿದ್ಯಾಲಯದ ತಂಡ ಗೆದ್ದಿತು. ಆಗ ಕಟ್ಟಿದ ಮನೆಯನ್ನು ಬೇರೆ ಊರಿಗೆ ಸಾಗಿಸಿ, ಕೆಲವೇ ದಿನಗಳಲ್ಲಿ ಮತ್ತೆ ಜೋಡಿಸಬೇಕಿತ್ತು. ಹಾಗಾಗಿ ಪ್ರತಿ ಸಂದನ್ನೂ ಎರಡನೇ ಸಲ ಮುಚ್ಚಬೇಕಿತ್ತು. ಇಂಥ ಗಡುವಿನ ಮುಂದೆ "ಒಣಗಿತಾ?" ಅನ್ನುವ ಪ್ರಶ್ನೆ ಎಷ್ಟು ಕಾಡಿರಬೇಕು ಎಂದು ಊಹಿಸಬಹುದು.

ಮನೆ ಚಿಕ್ಕದಾದಷ್ಟೂ ತೇವದ ಲೆಕ್ಕ ಬಿಗಿಯಾಗುತ್ತದೆ. 20 ಚದರ ಮೀಟರ್ ನೆಲ, ಎರಡೂವರೆ ಮೀಟರ್ ಎತ್ತರ. ಒಳಗಿರುವುದು 50 ಘನ ಮೀಟರ್ ಗಾಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೊರಬಲ್ಲದ್ದು ಹೆಚ್ಚೆಂದರೆ 17 ಗ್ರಾಂ ನೀರಿನ ಆವಿ. ಗಾಳಿ ಈಗಾಗಲೇ ಅರ್ಧ ತುಂಬಿದ್ದರೆ ಇನ್ನು ಸುಮಾರು 425 ಗ್ರಾಂಗೆ ಮಾತ್ರ ಜಾಗ. ಮಲಗಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ಆವಿ ಹೊರಬರುತ್ತದೆ. ಇಬ್ಬರು 8 ಗಂಟೆ ಮಲಗಿದರೆ 640 ಗ್ರಾಂ! ಗೋಡೆ, ಹಾಸಿಗೆ ಒಂದಷ್ಟನ್ನು ಹೀರಿಕೊಂಡರೂ, ಬೆಳಗ್ಗೆ ತಣ್ಣಗಿನ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ. ಗಿಲಾವಿನ ಮಿಕ್ಕ ನೀರೂ ಸೇರಿದರೆ ಮೂಲೆಯಲ್ಲಿ ಬೂಷ್ಟು ಹಿಡಿಯಲು ಹೆಚ್ಚು ಸಮಯ ಬೇಕಿಲ್ಲ.

ಹಾಗಂತ ಗಾಳಿಯಾಡಲಿ ಎಂದು ಸಂದುಗಳನ್ನು ಬಿಟ್ಟರೆ ಆಗದು. ಸಂದಿನಿಂದ ಬರುವ ಗಾಳಿಗೆ ಹೊತ್ತು ಗೊತ್ತಿಲ್ಲ. ತಂಡಗಳು ಬಾಗಿಲಿಗೆ ಫ್ಯಾನ್ ಕಟ್ಟಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿ ಸೋರಿಕೆ ಅಳೆಯುತ್ತವೆ. ಅದು ಬರೀ 5 ಮಿಲಿಮೀಟರ್ ನೀರಿನ ಪದರದ ಭಾರದಷ್ಟು. ಆಗ ಸಂದುಗಳ ಬಳಿ ಅಂಗೈ ಹಿಡಿದರೆ ಎಲ್ಲಿ ಸೀಲ್ ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಸಂದುಗಳನ್ನೆಲ್ಲ ಮುಚ್ಚಿ, ಗಾಳಿಗೆ ಬೇಕೆಂದೇ ಒಂದು ದಾರಿ ಮಾಡಿಕೊಡುವುದು ಸರಿಯಾದ ಕ್ರಮ.

ಕೊನೆಗೂ ಗೋಡೆ ಒಣಗಿತಾ ಎಂದು ತಿಳಿಯುವುದು ಹೇಗೆ? ಕೈಯಿಂದ ಮುಟ್ಟಿದರೆ ಮೇಲ್ಮೈ ಮಾತ್ರ ಉತ್ತರ ಕೊಡುತ್ತದೆ. ಅರ್ಧ ಮೀಟರ್ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೋ ನೆಲಕ್ಕೋ ಅಂಟಿಸಿ. ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ, ಅಥವಾ ಅದರಡಿಯ ಗಿಲಾವು ಕಪ್ಪಾಗಿದ್ದರೆ, ಒಳಗಿನ ನೀರು ಇನ್ನೂ ಹೊರಬರುತ್ತಿದೆ. ಬಣ್ಣದ ಡಬ್ಬದ ಮುಚ್ಚಳ ಮತ್ತೆ ಮುಚ್ಚಿ, ಕಿಟಕಿಗಳನ್ನು ತೆರೆದಿಟ್ಟು, ಒಂದು ವಾರ ಬಿಟ್ಟು ಇನ್ನೊಂದು ಹಾಳೆ ಅಂಟಿಸುವುದೇ ದಾರಿ.