ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ವಿನ್ಯಾಸಗಳು ಎಡವುವುದೇಕೆ?

ಪ್ರಶ್ನೆ: ಹೊಸ ಸಾಧನವೊಂದು ಜನರ ಕೈಸೇರುವ ಮೊದಲು ಎಂಜಿನಿಯರುಗಳು ಹಂತಹಂತವಾಗಿ ವಿನ್ಯಾಸ ಮಾಡಿ, ಮಾದರಿ ತಯಾರಿಸಿ, ಮತ್ತೆ ಮತ್ತೆ ಪರೀಕ್ಷಿಸುತ್ತಾರೆ ಎಂದು ಓದಿದ್ದೇನೆ. ಹಾಗಿದ್ದರೆ ಒಳಿತಿಗೆಂದೇ ಹುಟ್ಟಿದ ತಂತ್ರಜ್ಞಾನವು ವರ್ಷಗಳ ನಂತರ ಜನರಿಗೆ ತೊಂದರೆ ತರುವುದೇಕೆ? ಆ ಪ್ರಕ್ರಿಯೆಯಲ್ಲೇ ದೋಷವಿದೆಯೇ?

ಉತ್ತರ: ಯಾವುದೇ ಪರೀಕ್ಷೆಯು ತನಗೆ ಒಡ್ಡಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆದ್ದರಿಂದ ದೋಷವನ್ನು ಹುಡುಕಬೇಕಾದದ್ದು ಬಹುಪಾಲು ಪರೀಕ್ಷೆಯ ಹಂತದಲ್ಲಲ್ಲ, ಅದಕ್ಕೂ ಬಹಳ ಮೊದಲು, ಸಮಸ್ಯೆ ಏನು ಮತ್ತು ಅದು ಯಾರ ಸಮಸ್ಯೆ ಎಂಬುದನ್ನು ಬರೆದಿಟ್ಟುಕೊಳ್ಳುವ ಹಂತದಲ್ಲಿ. ಸಮಸ್ಯೆಯನ್ನು ಗುರುತಿಸುವುದು, ಪರಿಹಾರವು ಪೂರೈಸಬೇಕಾದ ಮಾನದಂಡಗಳನ್ನೂ ಮೀರಬಾರದ ಮಿತಿಗಳನ್ನೂ ಪಟ್ಟಿ ಮಾಡುವುದು, ಹಲವು ಉಪಾಯಗಳನ್ನು ತೂಗಿ ಒಂದನ್ನು ಆರಿಸುವುದು, ಮಾದರಿ ಕಟ್ಟಿ ಪರೀಕ್ಷಿಸುವುದು, ಕಂಡ ಕೊರತೆಯನ್ನು ತಿದ್ದಿ ಮತ್ತೆ ಹಿಂದಿನ ಹಂತಗಳಿಗೆ ಮರಳುವುದು ಎಂದು ಪಠ್ಯಪುಸ್ತಕಗಳು ಈ ಪ್ರಕ್ರಿಯೆಯನ್ನು ವಿವರಿಸುತ್ತವೆ. ಮಾನದಂಡಗಳ ಪಟ್ಟಿಯಲ್ಲಿ ಇಲ್ಲದ ಸಂಗತಿಯನ್ನು ಮುಂದಿನ ಯಾವ ಹಂತವೂ ತಾನಾಗಿ ಹಿಡಿದುಕೊಡುವುದಿಲ್ಲ.

ರೆಫ್ರಿಜರೇಟರಿನ ಕಥೆ ಇದಕ್ಕೆ ತಕ್ಕ ಉದಾಹರಣೆ. ಆಹಾರವನ್ನು ದಿನಗಟ್ಟಲೆ ಕೆಡದಂತೆ ಇಟ್ಟು ಅಡುಗೆ ಮತ್ತು ಖರೀದಿಯ ದಿನಚರಿಯನ್ನೇ ಬದಲಿಸಿದ, ಇಂದು ಅನೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಕಾಪಾಡುವ ಈ ಯಂತ್ರದೊಳಗೆ 1920ರ ದಶಕದಲ್ಲಿ ಹರಿಯುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಅಥವಾ ಮೀಥೈಲ್ ಕ್ಲೋರೈಡ್. ಇವು ಸೋರಿ ಮನೆಯೊಳಗೆ ಜನರು ಸತ್ತ ಪ್ರಕರಣಗಳಿದ್ದವು. ವಿಷವಲ್ಲದ, ಬೆಂಕಿ ಹೊತ್ತಿಕೊಳ್ಳದ ಶೈತ್ಯಕವನ್ನು (ಯಂತ್ರದೊಳಗೆ ಹರಿದು ತಂಪು ಮಾಡುವ ವಸ್ತುವನ್ನು) ಕಂಡುಹಿಡಿಯಬೇಕೆಂಬುದು ಅಂದಿನ ಸಮಸ್ಯೆಯಾಗಿತ್ತು. ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1928ರಲ್ಲಿ ಅದಕ್ಕೆ ಉತ್ತರವಾಗಿ ಕ್ಲೋರೋಫ್ಲೋರೋಕಾರ್ಬನ್ ಗುಂಪಿನ ಅನಿಲವೊಂದನ್ನು ಮುಂದಿಟ್ಟರು. 1930ರಲ್ಲಿ ಮಿಜ್ಲಿ ಆ ಅನಿಲವನ್ನು ಸಭಿಕರೆದುರು ಸ್ವತಃ ಉಸಿರಿಗೆಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಅದನ್ನು ಆರಿಸಿ ತೋರಿಸಿದರು. ಒಂದೇ ಉಸಿರಿನಲ್ಲಿ ಎರಡು ಮಾನದಂಡಗಳೂ ಪೂರೈಸಿದ್ದವು.

ಪಟ್ಟಿಯಲ್ಲಿ ಇಲ್ಲದೆ ಹೋದದ್ದು ಮೂರನೆಯ ಪ್ರಶ್ನೆ: ಸೋರಿದ ಅನಿಲ ಕೊನೆಗೆ ಎಲ್ಲಿಗೆ ಹೋಗುತ್ತದೆ? ಯಾವುದರೊಂದಿಗೂ ಸುಲಭವಾಗಿ ವರ್ತಿಸದ ಈ ಅಣುಗಳು ಕೆಳಗಿನ ವಾಯುಮಂಡಲದಲ್ಲಿ ನಾಶವಾಗದೆ ದಶಕಗಟ್ಟಲೆ ಉಳಿದು ಮೇಲೇರುತ್ತವೆ; ಅಲ್ಲಿ ಅತಿನೇರಳೆ ಕಿರಣಗಳಿಂದ ಒಡೆದು, ಆ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನನ್ನು ಸರಪಳಿಯಂತೆ ನಾಶಮಾಡುವ ಕ್ಲೋರಿನ್ ಪರಮಾಣುಗಳನ್ನು ಬಿಡುಗಡೆ ಮಾಡುತ್ತವೆ. ಮನೆಯೊಳಗೆ ಯಾವ ಗುಣದಿಂದ ಅದು ಸುರಕ್ಷಿತವಾಗಿತ್ತೋ ಅದೇ ಗುಣ ಆಕಾಶದಲ್ಲಿ ಅಪಾಯಕಾರಿಯಾಯಿತು. ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಇದನ್ನು ಎಚ್ಚರಿಸಿದ್ದು 1974ರಲ್ಲಿ. ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ವರದಿ ಬಂದದ್ದು 1985ರಲ್ಲಿ. ಇಂಥ ಅನಿಲಗಳನ್ನು ತಗ್ಗಿಸಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವಾದದ್ದು 1987ರಲ್ಲಿ. ಓಜೋನ್ ಹೇಗೆ ಉಂಟಾಗುತ್ತದೆ ಎಂಬುದಕ್ಕೆ ವಿಜ್ಞಾನಿ ಚಾಪ್‌ಮನ್ ರಾಸಾಯನಿಕ ವಿವರಣೆ ಕೊಟ್ಟದ್ದೇ 1930ರಲ್ಲಿ ಎಂಬುದನ್ನು ನೆನೆದರೆ, 1928ರ ವಿನ್ಯಾಸಕಾರರು ಆ ಪ್ರಶ್ನೆ ಕೇಳಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಆದರೆ ಎಲ್ಲ ಲೋಪಗಳನ್ನೂ ಇಷ್ಟೇ ಉದಾರವಾಗಿ ನೋಡಲಾಗದು. ಇದೇ ಮಿಜ್ಲಿ 1921ರಲ್ಲಿ ಎಂಜಿನ್ನಿನ ಬಡಿತವನ್ನು (ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನೊಳಗೆ ಆಗುವ ಬಡಿತದ ಸದ್ದನ್ನು) ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಉಪಾಯ ಕಂಡುಕೊಂಡಿದ್ದರು. ಸೀಸ ವಿಷವೆಂಬುದು ಆಗಲೇ ತಿಳಿದಿತ್ತು. 1924ರಲ್ಲಿ ತಯಾರಿಕಾ ಘಟಕಗಳ ಕಾರ್ಮಿಕರು ಅದರಿಂದ ಸತ್ತರು. ಇಲ್ಲಿ ಪ್ರಶ್ನೆ ಎದ್ದಿತ್ತು, ಎದ್ದ ಮೇಲೂ ಅದನ್ನು ಬದಿಗೆ ಸರಿಸಲಾಯಿತು. ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಇದನ್ನು ವಿನ್ಯಾಸ ಪ್ರಕ್ರಿಯೆಯ ಸೋಲು ಎನ್ನುವುದಕ್ಕಿಂತ, ಅದನ್ನು ನಡೆಸಿದವರ ಹಿತಾಸಕ್ತಿಯ ಗೆಲುವು ಎನ್ನುವುದೇ ಸರಿ.

ಇವೆರಡರ ನಡುವೆ ಇನ್ನೊಂದು ಬಗೆಯಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಕಲಿಸುವಂಥದ್ದು: ಯಾರಿಗಾಗಿ ವಿನ್ಯಾಸ ಎಂಬುದನ್ನು ಸಂಕುಚಿತವಾಗಿ ಊಹಿಸಿಕೊಳ್ಳುವುದು. ಅಮೆರಿಕದ ವಾಯುಪಡೆ 1950ರಲ್ಲಿ 4,063 ಪೈಲಟ್‌ಗಳ ದೇಹದ ಅಳತೆ ತೆಗೆದುಕೊಂಡಾಗ, ಆಯ್ದ ಹತ್ತು ಅಳತೆಗಳಲ್ಲೂ ಸರಾಸರಿಯ ಆಸುಪಾಸಿನಲ್ಲಿದ್ದ ಒಬ್ಬ ಪೈಲಟ್ ಕೂಡ ಸಿಗಲಿಲ್ಲ. ಸರಾಸರಿ ಮನುಷ್ಯನಿಗೆಂದು ರೂಪಿಸಿದ ಕಾಕ್‌ಪಿಟ್ ವಾಸ್ತವದಲ್ಲಿ ಯಾರಿಗೂ ಸರಿಹೊಂದುತ್ತಿರಲಿಲ್ಲ. ಹೊಂದಿಸಿಕೊಳ್ಳಬಲ್ಲ ಆಸನಗಳ ಅಗತ್ಯ ಇದರಿಂದ ಸ್ಪಷ್ಟವಾಯಿತು. ಇಷ್ಟು ತಿಳಿದ ಮೇಲೂ ಅಮೆರಿಕದ ಕಾರುಗಳ ಏರ್‌ಬ್ಯಾಗ್‌ಗಳನ್ನು ಸೀಟ್ ಬೆಲ್ಟ್ ಹಾಕದ, ಮಧ್ಯಮ ಗಾತ್ರದ ವಯಸ್ಕ ಪುರುಷನನ್ನು ಕಾಪಾಡುವ ಮಾನದಂಡಕ್ಕೆ ತಕ್ಕಂತೆ ರೂಪಿಸಲಾಯಿತು. ಅಷ್ಟು ತೂಕದ ದೇಹವನ್ನು ತಡೆಯುವ ರಭಸದಲ್ಲಿ ಉಬ್ಬಿದ ಚೀಲವು 1990ರ ದಶಕದಲ್ಲಿ, ಬದುಕುಳಿಯಬಹುದಾಗಿದ್ದ ನಿಧಾನಗತಿಯ ಅಪಘಾತಗಳಲ್ಲೂ ಮಕ್ಕಳನ್ನೂ ಸ್ಟಿಯರಿಂಗ್‌ಗೆ ಹತ್ತಿರ ಕೂರುವ ಗಿಡ್ಡ ಮೈಕಟ್ಟಿನ ಮಹಿಳೆಯರನ್ನೂ ಕೊಂದಿತು. ಗಿಡ್ಡಗಿರುವವರು ಪೆಡಲ್ ಎಟುಕಲೆಂದು ಮುಂದೆ ಸರಿದು ಕೂರುತ್ತಾರೆಂಬುದು ಪ್ರಯೋಗಾಲಯದಲ್ಲಿ ಕಂಡುಹಿಡಿಯಬೇಕಾದ ರಹಸ್ಯವೇನೂ ಆಗಿರಲಿಲ್ಲ. ಮುಂದೆ ರಭಸವನ್ನು ತಗ್ಗಿಸಲಾಯಿತು, ಮತ್ತು 2000ದಲ್ಲಿ ಬಂದ ನಿಯಮವು ಸಣ್ಣ ಗಾತ್ರದ ಮಹಿಳೆ ಹಾಗೂ ಮಕ್ಕಳ ಮೈಕಟ್ಟಿನ ಪರೀಕ್ಷಾ ಗೊಂಬೆಗಳೊಂದಿಗೂ ಪರೀಕ್ಷಿಸಬೇಕೆಂದು ವಿಧಿಸಿತು.

ಹಾಗಾದರೆ ಪಟ್ಟಿಯನ್ನು ಮೊದಲೇ ಪೂರ್ಣಗೊಳಿಸಬಹುದೇ ಎಂದರೆ, ಸಾಧ್ಯವಿಲ್ಲ. ಬಳಕೆದಾರರ ವೈವಿಧ್ಯವನ್ನು ಆರಂಭದಲ್ಲೇ ಪರಿಗಣಿಸಿ, ಉತ್ಪನ್ನವು ತ್ಯಾಜ್ಯವಾಗುವವರೆಗಿನ ಹಾದಿಯನ್ನು ಯೋಚಿಸಿದರೆ ಲೋಪಗಳು ಕಡಿಮೆಯಾಗುತ್ತವೆ. ಉಳಿದವು ಕಾಣುವುದು ಸಾವಿರಾರು ಜನರು ವರ್ಷಗಟ್ಟಲೆ ಬಳಸಿದ ಮೇಲೆಯೇ. ಆದ್ದರಿಂದ ಮಾರುಕಟ್ಟೆಗೆ ಬಂದ ನಂತರದ ದೂರು, ಅಪಘಾತದ ತನಿಖೆ, ವಾತಾವರಣದ ಅಳತೆ ಇವೆಲ್ಲವನ್ನೂ ವಿನ್ಯಾಸದ ಭಾಗವೆಂದೇ ಎಣಿಸಬೇಕು.

ಶೈತ್ಯಕದ ವಿಷಯದಲ್ಲಿ ಆ ಕೆಲಸ ಇನ್ನೂ ನಡೆದೇ ಇದೆ. ಓಜೋನಿಗೆ ಹಾನಿ ಮಾಡದ ಹೈಡ್ರೋಫ್ಲೋರೋಕಾರ್ಬನ್‌ಗಳು ಬಂದವು. ಅವುಗಳಲ್ಲಿ ಹೆಚ್ಚು ಬಳಕೆಯಾದ 134ಎ ಎಂಬುದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲವಾದ ಹಸಿರುಮನೆ ಅನಿಲವಾದ್ದರಿಂದ, ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಯು ಈ ಗುಂಪಿನ ಬಳಕೆಯನ್ನೂ ಹಂತಹಂತವಾಗಿ ತಗ್ಗಿಸಲು ನಿರ್ಧರಿಸಿತು. ಇಂದು ಮನೆಬಳಕೆಯ ಅನೇಕ ರೆಫ್ರಿಜರೇಟರುಗಳಲ್ಲಿ ಇರುವುದು ಐಸೋಬ್ಯುಟೇನ್, ಅಂದರೆ ಬೆಂಕಿ ಹೊತ್ತಿಕೊಳ್ಳುವ ಅನಿಲ. 1928ರಲ್ಲಿ ಯಾವ ಗುಣವನ್ನು ಹೊರಗಿಡಲು ಹೊರಟಿದ್ದರೋ ಅದೇ ಗುಣವು, ಅನಿಲದ ಪ್ರಮಾಣವನ್ನು ಬಹುಪಾಲು ನೂರು ಗ್ರಾಂಗಿಂತ ಕಡಿಮೆ ಇಟ್ಟು, ಕಿಡಿ ಹಾರಬಹುದಾದ ವಿದ್ಯುತ್ ಭಾಗಗಳನ್ನು ಸೋರಿಕೆಯಿಂದ ದೂರವಿರಿಸಿ, ಮತ್ತೆ ಒಳಗೆ ಬಂದಿದೆ.