‘ಪರಿಸರ ಸ್ನೇಹಿ’ ಅಂದವರೇ ಸಾಬೀತು ಮಾಡಲಿ

ಯಾವುದಾದರೂ ಪ್ಲಾಸ್ಟಿಕ್ ಡಬ್ಬಿಯನ್ನು ಮಗುಚಿ ಅದರ ತಳ ನೋಡಿ. ಪುಟ್ಟದೊಂದು ತ್ರಿಕೋನ ಕಾಣಬಹುದು. ಒಂದರ ಹಿಂದೆ ಒಂದು ಸುತ್ತುವ ಮೂರು ಬಾಣ, ನಡುವೆ 1ರಿಂದ 7ರವರೆಗಿನ ಒಂದು ಅಂಕಿ. ನೋಡಿದ ಕೂಡಲೇ ‘ಇದು ಮರುಬಳಕೆ ಆಗುತ್ತೆ’ ಅನಿಸುತ್ತದೆ, ಅಲ್ವಾ? ಆ ಗುರುತು ಹಾಗೆ ಹೇಳುವುದೇ ಇಲ್ಲ. ಡಬ್ಬಿ ಯಾವ ಬಗೆಯ ಪ್ಲಾಸ್ಟಿಕ್ಕಿನದು ಅನ್ನುವುದಷ್ಟೇ ಅದರ ಅರ್ಥ. 1 ಅಂದರೆ ಪೆಟ್. 6 ಅಂದರೆ ಪಾಲಿಸ್ಟೈರೀನ್. 7 ಅಂದರೆ ಮೊದಲ ಆರರಲ್ಲಿ ಯಾವುದಕ್ಕೂ ಸೇರದ ಉಳಿದವೆಲ್ಲ.

ಮೂರು ಬಾಣಗಳ ಚಿತ್ರ ಹುಟ್ಟಿದ್ದು 1970ರಲ್ಲಿ. ಗ್ಯಾರಿ ಆಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿ, ಮರುಬಳಕೆಯ ಕಾಗದಕ್ಕೆ ಗುರುತು ಬೇಕೆಂದು ಕರೆದಿದ್ದ ಸ್ಪರ್ಧೆಗೆ ಅದನ್ನು ಬರೆದುಕೊಟ್ಟ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅದೇ ಬಾಣಗಳ ನಡುವೆ ಅಂಕಿ ಕೂರಿಸಿತು. ಜನ ಅಂಕಿಯನ್ನು ಬಿಟ್ಟು ಬಾಣಗಳನ್ನು ನೋಡಿದರು. 2013ರಲ್ಲಿ ಮಾನದಂಡ ಬದಲಾಗಿ, ಬಾಣಗಳ ಜಾಗಕ್ಕೆ ಬರಿಯ ತ್ರಿಕೋನ ಬಂತು. ಆದರೆ ಹಳೆಯ ಅಚ್ಚುಗಳಿಂದ ಬಾಣದ ಡಬ್ಬಿಗಳು ಬರುವುದು ನಿಲ್ಲಲಿಲ್ಲ.

ಹಸಿರು ಹೇಳಿಕೆಗಳ ಇಡೀ ಕಥೆ ಈ ಡಬ್ಬಿಯ ತಳದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅಲ್ಲಿ ಸುಳ್ಳು ಬರೆದಿಲ್ಲ. ಓದಿದವರಿಗೆ ಮಾತ್ರ ಬೇರೆಯದೇ ಅರ್ಥವಾಗುತ್ತದೆ. ಹಾಗಾದರೆ ತಪ್ಪು ಯಾರದು? ಸರಿಯಾಗಿ ತಿಳಿದುಕೊಳ್ಳದ ಕೊಳ್ಳುವವರದೋ, ತಪ್ಪು ತಿಳಿಯುವಂತೆ ಅಚ್ಚು ಹಾಕಿದವರದೋ? ಕಳೆದ ನಾಲ್ಕೈದು ದಶಕದ ನಿಯಮಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದವು.

ಸರ್ಕಾರವೊಂದು ಮೊದಲು ಇದಕ್ಕೆ ಕೈಹಾಕಿದ್ದು 1978ರಲ್ಲಿ, ಆಗಿನ ಪಶ್ಚಿಮ ಜರ್ಮನಿಯಲ್ಲಿ. ಅಲ್ಲಿ ಬಂದ ‘ಬ್ಲೂ ಏಂಜೆಲ್’ ಜಗತ್ತಿನ ಮೊದಲ ಪರಿಸರ ಲೇಬಲ್. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ಸಣ್ಣ ಪದ. ಗುರುತಿನ ಸುತ್ತ ‘ಏಕೆಂದರೆ’ ಅಂತ ಬರೆದು ಕಾರಣವನ್ನೂ ಕೊಡುತ್ತಿದ್ದರು. ಏಕೆಂದರೆ ಇದು ನೂರಕ್ಕೆ ನೂರು ಹಳೆ ಕಾಗದದ್ದು. ಏಕೆಂದರೆ ಇದು ಸದ್ದು ಕಡಿಮೆ ಮಾಡುತ್ತದೆ. ಸುಮ್ನೆ ‘ಒಳ್ಳೆಯದು’ ಅಂದುಬಿಡುವ ಹಾಗಿರಲಿಲ್ಲ. ಕೆಲಸವನ್ನೂ ಹಂಚಿಟ್ಟಿದ್ದರು. ನಿಯಮದ ಕರಡು ಬರೆಯುವುದು ಪರಿಸರ ಇಲಾಖೆಯ ತಜ್ಞರು. ಒಪ್ಪುವುದು ಪರಿಸರ ಸಂಘಟನೆ, ಗ್ರಾಹಕರ ಸಂಘ, ಕಾರ್ಮಿಕ ಸಂಘ, ಉದ್ಯಮ ಹೀಗೆ ಎಲ್ಲ ಕಡೆಯವರೂ ಇರುವ ತೀರ್ಪುಗಾರರ ಮಂಡಳಿ. ಕಂಪನಿಗೆ ಲೇಬಲ್ ಕೊಡುವುದು ಇನ್ನೊಂದು ಸಂಸ್ಥೆ. ಮುಂದೆ ಕೆನಡಾ, ಜಪಾನ್, ಉತ್ತರ ಯುರೋಪಿನ ದೇಶಗಳು, ಭಾರತ, ಯುರೋಪಿಯನ್ ಒಕ್ಕೂಟ ಎಲ್ಲವೂ 1992ರ ಒಳಗೆ ತಮ್ಮದೇ ಲೇಬಲ್ ತಂದವು.

ಆದರೆ ಲೇಬಲ್ ಪಡೆಯಬೇಕೋ ಬೇಡವೋ ಅನ್ನುವುದು ಕಂಪನಿಯ ಇಷ್ಟ. ಬೇಡ ಅಂದವರು ತಮ್ಮ ಪೊಟ್ಟಣದ ಮೇಲೆ ತಾವೇ ಎಲೆಯೊಂದರ ಚಿತ್ರ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರು ಕೂಡ. 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ ಈ ಚಾಳಿಗೆ ‘ಗ್ರೀನ್‌ವಾಶಿಂಗ್’ ಅಂತ ಹೆಸರಿಟ್ಟರು. ‘ಪರಿಸರ ಉಳಿಸಲು ಟವೆಲನ್ನು ಮತ್ತೆ ಬಳಸಿ’ ಎಂದು ಅತಿಥಿಗಳನ್ನು ಕೇಳಿಕೊಳ್ಳುವ ಹೋಟೆಲುಗಳ ಬಗ್ಗೆ ಬರೆಯುವಾಗ ಅವರಿಗೆ ಹೊಳೆದ ಪದ ಅದು. ಉಳಿಯುತ್ತಿದ್ದದ್ದು ಹೋಟೆಲಿನ ಬಟ್ಟೆ ಒಗೆಸುವ ಖರ್ಚು, ಬೇರೆ ಪರಿಸರದ ಕೆಲಸವೇನೂ ಅಲ್ಲಿ ನಡೆಯುತ್ತಿರಲಿಲ್ಲ ಎಂಬುದು ಅವರ ವಾದ.

ಮೂರು ವರ್ಷದ ನಂತರ, 1989ರಲ್ಲಿ, ಅಮೆರಿಕದ ಮೊಬಿಲ್ ಕಂಪನಿ ತನ್ನ ‘ಹೆಫ್ಟಿ’ ಕಸದ ಚೀಲಗಳನ್ನು ‘ಕರಗುವ’ ಚೀಲ ಅಂತ ಮಾರಲು ಶುರು ಮಾಡಿತು. ಬಿಸಿಲಿಗೆ ಬಿದ್ದರೆ ಪುಡಿಯಾಗುವ ಹಾಗೆ ಪ್ಲಾಸ್ಟಿಕ್ಕಿಗೆ ಏನೋ ಸೇರಿಸಿದ್ದರು. ಬಿಸಿಲಿನಲ್ಲಿ ಅದು ಪುಡಿಯಾಗುತ್ತಿತ್ತು. ಆದರೆ ಕಸದ ಚೀಲ ಹೋಗುವುದೆಲ್ಲಿಗೆ? ಕಸ ಸುರಿಯುವ ದೊಡ್ಡ ಗುಂಡಿಗೆ. ಅಲ್ಲಿ ಅದರ ಮೇಲೆ ಇನ್ನಷ್ಟು ಕಸ, ಅದರ ಮೇಲೆ ಮಣ್ಣು. ಬಿಸಿಲು ತಾಗುವ ಮಾತೇ ಇಲ್ಲ. ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು 1990ರಲ್ಲಿ ಕೇಸು ಹಾಕಿದರು. ಮರುವರ್ಷ ಕಂಪನಿ ರಾಜಿ ಮಾಡಿಕೊಂಡಿತು.

1992ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ‘ಗ್ರೀನ್ ಗೈಡ್ಸ್’ ಎಂಬ ಮಾರ್ಗಸೂಚಿ ತಂದಿತು. ಅದರ ಹಿಂದೆ ಇದ್ದದ್ದು ಇಂಥವೇ ಪ್ರಕರಣಗಳು. ಅದರಲ್ಲಿ ಎರಡು ಮಾತು ಮುಖ್ಯ. ಹೇಳಿಕೆ ಸರಿಯೋ ತಪ್ಪೋ ಅಂತ ಅಳೆಯಬೇಕಾದ್ದು ಸಾಮಾನ್ಯ ಗ್ರಾಹಕ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಅನ್ನುವುದರಿಂದ. ಮತ್ತೆ, ಪುರಾವೆ ಮೊದಲು ಕೈಯಲ್ಲಿರಬೇಕು, ಜಾಹೀರಾತು ಆಮೇಲೆ. 2012ರ ಪರಿಷ್ಕರಣೆ ಕಸದ ಚೀಲದ ವಿಷಯವನ್ನು ನೇರವಾಗಿ ಇತ್ಯರ್ಥ ಮಾಡಿತು. ಯಾವುದೇ ಷರತ್ತು ಹೇಳದೆ ‘ಕರಗುತ್ತದೆ’ ಅಂದರೆ, ಜನ ಮಾಮೂಲಾಗಿ ಎಸೆಯುವ ಕಡೆಯಲ್ಲೇ ಒಂದು ವರ್ಷದೊಳಗೆ ಅದು ಪೂರ್ತಿ ಕರಗಬೇಕು. ಕಸದ ಗುಂಡಿಗೋ ಕಸ ಸುಡುವ ಘಟಕಕ್ಕೋ ಹೋಗುವ ವಸ್ತು ಹಾಗೆ ಹೇಳಿಕೊಳ್ಳುವಂತಿಲ್ಲ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. 1992ರಲ್ಲಿ ರಿಯೊದಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಶೃಂಗಸಭೆಯಲ್ಲಿ ಕಾಡುಗಳ ಬಗ್ಗೆ ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದ ಆಗಲೇ ಇಲ್ಲ. ಸರ್ಕಾರಗಳು ಮಾಡದಿದ್ದರೆ ನಾವೇ ಮಾಡುತ್ತೇವೆ ಅಂತ ಪರಿಸರ ಸಂಘಟನೆಗಳು, ಮರದ ವ್ಯಾಪಾರಿಗಳು, ಕಾಡಿನ ಸಮುದಾಯಗಳ ಜನ 1993ರಲ್ಲಿ ಟೊರಾಂಟೊದಲ್ಲಿ ಸೇರಿ, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವವರ ಮರಕ್ಕೆ ಲೇಬಲ್ ಸಿಗುವಂತೆ ನಿಯಮ ಮಾಡುವ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಕಟ್ಟಿದರು. ಈಗ ಅದರಲ್ಲಿ ವ್ಯಾಪಾರ, ಸಮಾಜ, ಪರಿಸರ ಅಂತ ಮೂರು ಬಣ. ಮೂರಕ್ಕೂ ಸಮಾನ ಮತ. ಹಣ ಇದ್ದವರೇ ನಿಯಮ ಬರೆಯುವಂತಾಗಬಾರದು ಅನ್ನುವ ಎಚ್ಚರ ಆ ರಚನೆಯಲ್ಲಿದೆ. ಮೀನುಗಾರಿಕೆಗೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ತಾಳೆ ಎಣ್ಣೆಗೆ ಆರ್‌ಎಸ್‌ಪಿಒ ಎಂಬ ಸಂಸ್ಥೆ, ಹೀಗೆ ಸಾಲು ಬೆಳೆಯಿತು. ಇಂಥ ಮಾನದಂಡಗಳಿಗೇ ಮಾನದಂಡ ಬೇಕೆಂದು 2002ರಲ್ಲಿ ಐಸೀಲ್ ಎಂಬ ಒಕ್ಕೂಟವೂ ಬಂತು.

ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ, ಅಂದರೆ ಐಎಸ್‌ಒ, ಹೇಳಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಹೊರಗಿನವರು ಪರಿಶೀಲಿಸಿ ಕೊಡುವ ಲೇಬಲ್, ಕಂಪನಿ ತಾನೇ ಹೇಳಿಕೊಳ್ಳುವ ಮಾತು, ಮತ್ತೆ ವಸ್ತುವಿನ ಇಡೀ ಜೀವಮಾನದ ಲೆಕ್ಕ ಒಪ್ಪಿಸುವ ಅಂಕಿಅಂಶದ ಪಟ್ಟಿ. ಎರಡನೆಯದಕ್ಕೆ ಸಂಬಂಧಿಸಿದ ಐಎಸ್‌ಒ 14021ರಲ್ಲಿ ಒಂದು ಮಾತಿದೆ, ಅದನ್ನು ಜಾಸ್ತಿ ಜನ ಓದಬೇಕು. ‘ಹಸಿರು’, ‘ಪರಿಸರ ಸ್ನೇಹಿ’ ಥರದ ಅಸ್ಪಷ್ಟ ಪದ ಬಳಸಬೇಡಿ. ‘ಸುಸ್ಥಿರತೆ ಸಾಧಿಸಿದ್ದೇವೆ’ ಅಂತಲೂ ಹೇಳಬೇಡಿ, ಏಕೆಂದರೆ ಅದನ್ನು ಖಚಿತವಾಗಿ ಅಳೆಯುವ ವಿಧಾನ ಇಲ್ಲ. ಇದು 1999ರಲ್ಲೇ ಬಂದ ಮಾನದಂಡ.

ಹೊರಗಿನವರು ಪರಿಶೀಲಿಸಿದರೆ ಎಲ್ಲ ಸರಿಹೋಯಿತೇ? ಇಲ್ಲೇ ನನಗೆ ಹೆಚ್ಚು ಚಿಂತೆ. ಕಾಡಿಗೋ ಕಾರ್ಖಾನೆಗೋ ಹೋಗಿ ಆಡಿಟ್ ಮಾಡುವ ಸಂಸ್ಥೆಗೆ ಫೀಸು ಕೊಡುವವರು ಸಾಮಾನ್ಯವಾಗಿ ಆ ಕಾಡಿನ, ಆ ಕಾರ್ಖಾನೆಯ ಮಾಲೀಕರೇ. ಕಟ್ಟುನಿಟ್ಟು ಮಾಡಿದರೆ ಮುಂದಿನ ಸಲ ಬೇರೆಯವರನ್ನು ಕರೆಯಬಹುದು. ಆಡಿಟರ್ ಪ್ರಾಮಾಣಿಕನೇ ಇರಬಹುದು, ಆದರೂ ಈ ಎಳೆತ ಇದ್ದೇ ಇರುತ್ತದೆ. ಅದಕ್ಕೇ ಒಳ್ಳೆಯ ಮಾನದಂಡಗಳಲ್ಲಿ ಆಡಿಟರ್‌ಗಳ ಮೇಲೆ ಕಣ್ಣಿಡುವ ಇನ್ನೊಂದು ಸಂಸ್ಥೆ ಇರುತ್ತದೆ, ದೂರು ಕೊಡಲು ದಾರಿ ಇರುತ್ತದೆ, ಆಡಿಟ್ ವರದಿಯ ಸಾರಾಂಶವನ್ನಾದರೂ ಎಲ್ಲರೂ ಓದುವಂತೆ ಹೊರಗಿಡುತ್ತಾರೆ. ಇವು ಮೂರೂ ಇಲ್ಲದ ಲೇಬಲ್ ಅಂದರೆ ನನ್ನ ಮಟ್ಟಿಗೆ ಅದು ಬರೀ ಚಿತ್ರ.

ಲೇಬಲ್ ಪ್ರಾಮಾಣಿಕವಾಗಿದ್ದಾಗಲೂ ಅದರ ಅರ್ಥ ನಾವು ಅಂದುಕೊಂಡದ್ದಕ್ಕಿಂತ ಬೇರೆ ಇರಬಹುದು. ಸೋಪಿಗೆ ಹೋಗುವ ತಾಳೆ ಎಣ್ಣೆಯನ್ನೇ ನೋಡಿ. ‘ಮಾಸ್ ಬ್ಯಾಲೆನ್ಸ್’ ಅಂತ ಒಂದು ಪದ್ಧತಿ ಇದೆ. ಪ್ರಮಾಣಪತ್ರ ಇರುವ ತೋಟದ ಎಣ್ಣೆಯೂ ಇಲ್ಲದ ತೋಟದ ಎಣ್ಣೆಯೂ ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತವೆ. ಎಷ್ಟು ಟನ್ ಒಳ್ಳೆಯ ಎಣ್ಣೆ ಒಳಗೆ ಹೋಯಿತೋ ಅಷ್ಟೇ ಟನ್ ಎಣ್ಣೆಯನ್ನು ಆ ಹೆಸರಲ್ಲಿ ಮಾರಬಹುದು. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕೈಯಲ್ಲಿರುವ ಸೋಪಿನ ಎಣ್ಣೆ ಯಾವ ತೋಟದ್ದು ಅಂತ ಹೇಳಲಾಗದು. ಎರಡು ಕೊಳವೆ, ಎರಡು ಟ್ಯಾಂಕ್ ಇಡುವ ಖರ್ಚು ಸಣ್ಣ ಬೆಳೆಗಾರರನ್ನು ಹೊರಗಿಡುತ್ತದೆ ಅನ್ನುವ ಕಾರಣಕ್ಕೆ ಇದನ್ನು ಒಪ್ಪಬಹುದು. ನಾನೂ ಒಪ್ಪುತ್ತೇನೆ. ಪೊಟ್ಟಣದ ಮೇಲೆ ಅದನ್ನು ಹಾಗೆಯೇ ಹೇಳಬೇಕು, ಅಷ್ಟೇ.

ಅಳತೆಯನ್ನೇ ಮೋಸ ಮಾಡಬಹುದು ಅಂತ ಜಗತ್ತಿಗೆ ಗೊತ್ತಾದದ್ದು 2015ರ ಸೆಪ್ಟೆಂಬರಿನಲ್ಲಿ. ಫೋಕ್ಸ್‌ವ್ಯಾಗನ್ ತನ್ನ ಕಾರುಗಳನ್ನು ‘ಕ್ಲೀನ್ ಡೀಸೆಲ್’ ಅಂತ ಮಾರಿತ್ತು. ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿತ್ತು. ರಸ್ತೆಯಲ್ಲಿ ಕೆಲವು ಕಾರುಗಳು ಮಿತಿಯ 40 ಪಟ್ಟುವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು.

ಆಮೇಲೆ ಬಂದದ್ದು ‘ಕಾರ್ಬನ್ ನ್ಯೂಟ್ರಲ್’ ಯುಗ. ನಮ್ಮ ಹೊಗೆ ನಾವು ಬಿಡುತ್ತೇವೆ, ಇನ್ನೆಲ್ಲೋ ಮರ ನೆಡಲು ಹಣ ಕೊಡುತ್ತೇವೆ, ಲೆಕ್ಕ ಸೊನ್ನೆ ಅನ್ನುವ ವಾದ. 2020ರಲ್ಲಿ ಯುರೋಪಿಯನ್ ಕಮಿಷನ್ 150 ಹಸಿರು ಹೇಳಿಕೆಗಳನ್ನು ಪರಿಶೀಲಿಸಿದಾಗ ಶೇ 53ರಷ್ಟು ಅಸ್ಪಷ್ಟ, ದಾರಿ ತಪ್ಪಿಸುವ ಅಥವಾ ಆಧಾರವಿಲ್ಲದ ಮಾಹಿತಿ ಕೊಡುತ್ತಿದ್ದವು. 2024ರ ಮಾರ್ಚಿನಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ ಕೆಎಲ್‌ಎಂ ವಿಮಾನ ಕಂಪನಿಯ 19 ಹೇಳಿಕೆಗಳನ್ನು ನೋಡಿ, 15 ದಾರಿ ತಪ್ಪಿಸುವಂಥವು ಅಂದಿತು. ಅದೇ ವರ್ಷ ಜೂನಿನಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಮಿಠಾಯಿ ಕಂಪನಿಯೊಂದರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಹೊಗೆ ಕಡಿಮೆ ಮಾಡುವುದೂ ಹಣ ಕೊಟ್ಟು ಸರಿದೂಗಿಸುವುದೂ ಒಂದೇ ಅಲ್ಲ. ‘ಕ್ಲೈಮೇಟ್ ನ್ಯೂಟ್ರಲ್’ ಅನ್ನುವುದಾದರೆ ಅದರ ಅರ್ಥವನ್ನು ಆ ಜಾಹೀರಾತಿನ ಒಳಗೇ ಬಿಡಿಸಿ ಹೇಳಬೇಕು, ವೆಬ್‌ಸೈಟಿಗೆ ಹೋಗಿ ಓದಿಕೊಳ್ಳಿ ಅಂದರೆ ಸಾಲದು.

ಕಾನೂನುಗಳೂ ಅದೇ ವರ್ಷ ಒಟ್ಟೊಟ್ಟಿಗೆ ಬಂದವು. ಕೆನಡಾ ತನ್ನ ಸ್ಪರ್ಧಾ ಕಾಯ್ದೆಯನ್ನು ಬಿಗಿಗೊಳಿಸಿತು. ಅಕ್ಟೋಬರಿನಲ್ಲಿ ಭಾರತ ಗ್ರೀನ್‌ವಾಶಿಂಗ್ ತಡೆಯುವ ಮಾರ್ಗಸೂಚಿ ತಂದಿತು. ಬ್ರಿಟನ್ನಿನ ಹೊಸ ಕಾಯ್ದೆಯಡಿ ಗ್ರಾಹಕರನ್ನು ದಾರಿ ತಪ್ಪಿಸಿದ ಕಂಪನಿಗೆ ಅದರ ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ ಹಾಕಬಹುದು. ಎಲ್ಲಕ್ಕಿಂತ ವಿವರವಾದದ್ದು ಯುರೋಪಿಯನ್ ಒಕ್ಕೂಟದ 2024/825 ನಿರ್ದೇಶನ. ಆಧಾರವಿಲ್ಲದೆ ‘ಪರಿಸರ ಸ್ನೇಹಿ’ ಅನ್ನುವಂತಿಲ್ಲ. ಬೇರೆಡೆ ಸರಿದೂಗಿಸಿದ್ದನ್ನು ತೋರಿಸಿ ವಸ್ತುವನ್ನು ‘ಕಾರ್ಬನ್ ನ್ಯೂಟ್ರಲ್’ ಅನ್ನುವಂತಿಲ್ಲ. ಸುಸ್ಥಿರತೆಯ ಲೇಬಲ್ ಹಾಕುವುದಾದರೆ ಅದು ಸರ್ಕಾರದ್ದಾಗಿರಬೇಕು, ಇಲ್ಲವೇ ಅದನ್ನು ಕಂಪನಿಯಿಂದಲೂ ಲೇಬಲ್ ಮಾಲೀಕರಿಂದಲೂ ಸ್ವತಂತ್ರವಾದವರು ಪರಿಶೀಲಿಸಿರಬೇಕು. ಇದು ಅನ್ವಯವಾಗುವ ದಿನ 2026ರ ಸೆಪ್ಟೆಂಬರ್ 27.

ಇದರ ಜೊತೆಗೇ ಬರಬೇಕಿದ್ದ ಇನ್ನೊಂದು ಕಾನೂನಿನ ಪ್ರಸ್ತಾವ 2023ರ ಮಾರ್ಚಿನಲ್ಲಿ ಬಂದಿತ್ತು. ‘ಶೇ 30ರಷ್ಟು ನೀರು ಉಳಿತಾಯ’ ಎಂಬಂಥ ನಿಖರವಾದ ಹೇಳಿಕೆಯನ್ನೂ ಅಚ್ಚು ಹಾಕುವ ಮೊದಲೇ ಹೊರಗಿನವರಿಂದ ಪರಿಶೀಲಿಸಬೇಕು ಅನ್ನುವುದು ಅದರ ಜೀವಾಳ. ತೀರಾ ಸಣ್ಣ ವ್ಯಾಪಾರಗಳಿಗೆ ಈ ಹೊರೆ ಜಾಸ್ತಿಯಾಗುತ್ತದೆ ಅನ್ನುವ ತಕರಾರು ಎದ್ದು, 2025ರ ಜೂನಿನಲ್ಲಿ ಅಂತಿಮ ಮಾತುಕತೆಯೇ ರದ್ದಾಯಿತು. ಸಣ್ಣವರಿಗೆ ವಿನಾಯಿತಿ ಕೊಟ್ಟು ದೊಡ್ಡವರಿಗಾದರೂ ಇದನ್ನು ಉಳಿಸಿಕೊಳ್ಳಬೇಕಿತ್ತು ಅಂತ ನನ್ನ ಅನಿಸಿಕೆ. ಮೊದಲೇ ಪರಿಶೀಲಿಸುವ ನಿಯಮ ಇಲ್ಲದಿದ್ದರೆ ಹೇಳಿಕೆ ಮೊದಲು ಮಾರುಕಟ್ಟೆಗೆ ಹೋಗುತ್ತದೆ, ಯಾರಾದರೂ ದೂರು ಕೊಟ್ಟರೆ ಆಮೇಲೆ ವಿಚಾರಣೆ. 1990ರಲ್ಲಿ ಕಸದ ಚೀಲದ ಕೇಸು ದಾಖಲಾಗುವ ಹೊತ್ತಿಗೆ ಚೀಲಗಳು ಆಗಲೇ ಮಾರಾಟವಾಗಿ, ಮಣ್ಣಿನ ಕೆಳಗೆ ಸೇರಿದ್ದವು.